ಆಸರಿಗೆಯ ದಾರಿ: ಹಾವೇರಿಯಿಂದ ಕುಮಟೆಯವರೆಗೆ

ಹಾವೇರಿಯಿಂದ ಹಾನಗಲ್ಲ, ಶಿರಸಿ ಮಾರ್ಗವಾಗಿ ಕುಮಟೆಗೆ 150 ಕಿಲೋಮೀಟರಿಗಿಂತ ಕಡಿಮೆ ದಾರಿ. ಬೆಳಿಗ್ಗೆ ಬಸ್ಸು ಹತ್ತಿದವನು ಮಧ್ಯಾಹ್ನದೊಳಗೆ ಮೂರು ಬಗೆಯ ಬೇಸಿಗೆಯನ್ನು ಕಾಣಬಹುದು. ಹಾವೇರಿಯದು ಒಣ ಬಿಸಿಲು. ಎರೆಮಣ್ಣಿನ ಹೊಲಗಳು ಬಿರುಕುಬಿಟ್ಟು, ಗಾಳಿ ಬೀಸಿದರೆ ಮುಖಕ್ಕೆ ಒಲೆಯ ಝಳ ಹೊಡೆದಂತೆ. ಹಾನಗಲ್ಲ ದಾಟುತ್ತಲೇ ಮಾವಿನ ತೋಪು, ಆಮೇಲೆ ತೇಗ, ಮತ್ತಿ, ಹೊನ್ನೆ. ಶಿರಸಿ ಬರುವ ಹೊತ್ತಿಗೆ ಅಡಿಕೆ ತೋಟದ ನೆರಳು. ಅಲ್ಲಿಂದ ದೇವಿಮನೆ ಘಟ್ಟ ಇಳಿದರೆ ಕುಮಟೆಯ ಉಪ್ಪುಗಾಳಿ, ನಿಂತಲ್ಲೇ ಒದ್ದೆಯಾಗುವ ಅಂಗಿ. ಈ ಮೂರೂ ಕಡೆಯ ಜನ ದಾಹಕ್ಕೆ ಕುಡಿಯುವುದು ಒಂದೇ ಅಲ್ಲ. ಏಕೆ ಒಂದೇ ಅಲ್ಲ ಎಂಬುದನ್ನು ನೋಡಲೆಂದೇ ಕಳೆದ ಬೇಸಿಗೆ ರಜೆಯಲ್ಲಿ, ಏಪ್ರಿಲ್ ಮೂರನೆಯ ವಾರ, ನಮ್ಮ ಶಾಲೆಯ ಎಂಟು ಮತ್ತು ಒಂಬತ್ತನೆಯ ತರಗತಿಯ ಒಂಬತ್ತು ಮಕ್ಕಳನ್ನೂ ಇಬ್ಬರು ಪಾಲಕರನ್ನೂ ಕಟ್ಟಿಕೊಂಡು ಈ ದಾರಿಯಲ್ಲಿ ಹೋಗಿಬಂದೆ.

ಪ್ರವಾಸವೆಂದರೆ ಕೋಟೆ, ಜಲಪಾತ, ಗುಡಿ ಎಂದೇ ನಮ್ಮಲ್ಲಿ ರೂಢಿ. ಕುಡಿಯುವುದನ್ನು ನೋಡಲು ಪ್ರವಾಸವೇ ಎಂದು ಸಹೋದ್ಯೋಗಿಗಳು ನಕ್ಕರು. ನಗಲಿ. ಮಕ್ಕಳ ಕೈಯಲ್ಲಿ ಒಂದೊಂದು ಟಿಪ್ಪಣಿ ಪುಸ್ತಕ, ನನ್ನ ಚೀಲದಲ್ಲಿ ಪ್ರಯೋಗಾಲಯದ ಎರಡು ಉಷ್ಣಮಾಪಕ, ಒಂದು ಪೊಟ್ಟಣ ಅಡಿಗೆ ಸೋಡಾ, ಒಂದಿಷ್ಟು ಲಿಟ್ಮಸ್ ಕಾಗದ. ಇವಿಷ್ಟೇ ನಮ್ಮ ಸಲಕರಣೆ.

ಹೊರಡುವ ಮುನ್ನಾದಿನ ಮಧ್ಯಾಹ್ನ ಮೂರು ಗಂಟೆಗೆ ನಮ್ಮ ಮನೆಯ ಪಡಸಾಲೆಯಲ್ಲಿ ಮೊದಲ ಅಳತೆ ತೆಗೆದೆವು. ನೆರಳಿನಲ್ಲಿ ಗಾಳಿಯ ಉಷ್ಣತೆ 38 ಡಿಗ್ರಿ. ಅಲ್ಲೇ ಮೂಲೆಯಲ್ಲಿ ಉಸುಕಿನ ಮೇಲೆ ಕೂಡಿಸಿದ ಮಣ್ಣಿನ ಗಡಿಗೆಯ ನೀರು 26 ಡಿಗ್ರಿ. ಕರೆಂಟಿಲ್ಲದೆ, ಸದ್ದಿಲ್ಲದೆ ಹನ್ನೆರಡು ಡಿಗ್ರಿ ತಂಪು! ಗಡಿಗೆಯ ಮೈಯಲ್ಲಿ ಕಣ್ಣಿಗೆ ಕಾಣದ ರಂಧ್ರಗಳಿವೆ. ಅವುಗಳಿಂದ ನೀರು ಜಿನುಗಿ ಹೊರಮೈಗೆ ಬಂದು ಆವಿಯಾಗುತ್ತದೆ. ಒಂದು ಗ್ರಾಂ ನೀರು ಹೀಗೆ ಆವಿಯಾಗಲು ಸುಮಾರು 580 ಕ್ಯಾಲೊರಿ ಶಾಖ ಬೇಕು. ಅದನ್ನು ಅದು ಒಳಗಿನ ನೀರಿನಿಂದಲೇ ಕಿತ್ತುಕೊಳ್ಳುತ್ತದೆ. ಅಂದರೆ ಒಂದೇ ಗ್ರಾಂ ನೀರು ಆರಿಹೋದರೆ ಅರ್ಧ ಲೀಟರಿಗಿಂತ ಹೆಚ್ಚು ನೀರು ಒಂದು ಡಿಗ್ರಿ ತಂಪಾದೀತು. ಪಠ್ಯಪುಸ್ತಕದಲ್ಲಿ ಗುಪ್ತೋಷ್ಣ ಎಂದು ಬಾಯಿಪಾಠ ಮಾಡುವುದು ಇದನ್ನೇ. ಬೆವರಿನ ಕೆಲಸವೂ ಇದೇ. ನಾವೆಲ್ಲ ನಡೆದಾಡುವ ಗಡಿಗೆಗಳು.

ಎರಡು ದಿನ ಕಳೆದು ಕುಮಟೆಯಲ್ಲಿ ಅದೇ ಹೊತ್ತಿಗೆ, ಅದೇ ಬಗೆಯ ಮಣ್ಣಿನ ಕೊಡದಲ್ಲಿ ಅಳತೆ ತೆಗೆದಾಗ ಗಾಳಿ 34, ನೀರು 30. ಮಕ್ಕಳು ಉಷ್ಣಮಾಪಕ ಕೆಟ್ಟಿದೆಯೆಂದು ಎರಡೆರಡು ಸಲ ನೋಡಿದರು. ಕೆಟ್ಟಿರಲಿಲ್ಲ. ಕಡಲ ತಡಿಯ ಗಾಳಿಯಲ್ಲಿ ಆಗಲೇ ತೇವ ತುಂಬಿಕೊಂಡಿರುವಾಗ ಗಡಿಗೆಯ ನೀರು ಆವಿಯಾಗುವುದು ಹೇಗೆ? ಬೆವರೂ ಆರುವುದಿಲ್ಲ, ಸುರಿದು ಹೋಗುತ್ತದೆ. ನಾಲ್ಕು ಡಿಗ್ರಿ ಕಡಿಮೆಯಿದ್ದರೂ ಕುಮಟೆಯ ಬೇಸಿಗೆ ನಮ್ಮವರಿಗೆ ತಡೆಯಲಾಗದ್ದಕ್ಕೆ ಕಾರಣ ಇಷ್ಟೇ. ಬಯಲುಸೀಮೆಯವನು ಗಡಿಗೆಯ ತಣ್ಣೀರು, ನೀರು ಮಜ್ಜಿಗೆ, ಜೋಳದ ಅಂಬಲಿಗಳಿಂದ ನೆಮ್ಮದಿ ಕಾಣುತ್ತಾನೆ. ಕರಾವಳಿಯವನು ನೀರನ್ನು ತಣ್ಣಗೆ ಮಾಡಲಾರದೆ ಅದಕ್ಕೆ ಹುಳಿ, ಉಪ್ಪು, ಪರಿಮಳ ಕೂಡಿಸಿ ರುಚಿಗೊಳಿಸಿಕೊಂಡನೇನೋ ಎಂದು ನನ್ನ ಊಹೆ. ಊಹೆಯಷ್ಟೇ, ಶಾಸ್ತ್ರವಲ್ಲ.

ಶಿರಸಿಯಿಂದ ಕೆಲವು ಮೈಲಿ ಒಳಗೆ, ಹಳೆಯ ಸಹೋದ್ಯೋಗಿಯೊಬ್ಬರ ತಾಯಿಯ ಮನೆಯಲ್ಲಿ ನಮ್ಮ ಮೊದಲ ತಂಗುದಾಣ. ಜಗಲಿ ಹತ್ತುವ ಮೊದಲೇ ಒಂದು ತಟ್ಟೆಯಲ್ಲಿ ಬೆಲ್ಲದ ಚೂರು, ತಂಬಿಗೆಯಲ್ಲಿ ನೀರು ಬಂತು. ಹಿಂದೆಯೇ ಪ್ರಶ್ನೆ: “ಮಾಸ್ತರೇ, ಆಸ್ರಿಗೆ ಎಂತ ಮಾಡ್ಲಿ?” ನಮ್ಮ ಮಕ್ಕಳಿಗೆ ಈ ಮಾತು ಹೊಸದು. ಆಸರು ಎಂದರೆ ಬಾಯಾರಿಕೆ, ಬಳಲಿಕೆ. ಅದನ್ನು ಕಳೆಯುವ ಪಾನೀಯವೆಲ್ಲ ಆಸರಿಗೆ. ಚಹವೂ ಆಸರಿಗೆಯೇ, ಮಜ್ಜಿಗೆಯೂ ಆಸರಿಗೆಯೇ, ಪಾನಕವೂ ಆಸರಿಗೆಯೇ. ಇಂಥ ಶಬ್ದ ಒಂದು ಸೀಮೆಯಲ್ಲಿ ಉಳಿದಿದೆಯೆಂದರೆ ದಾರಿಹೋಕನ ದಾಹವನ್ನು ಅಲ್ಲಿಯವರು ಮನೆಯ ಕೆಲಸವೆಂದು ಎಣಿಸಿದ್ದರು ಎಂದರ್ಥ.

ಬೆಲ್ಲ-ನೀರಿನ ವಿಷಯ ಬಂದಾಗ ಒಂದು ಸಂಗತಿ ಹೇಳಬೇಕು. ನಮ್ಮ ಸಣ್ಣ ಕರುಳಿನ ಗೋಡೆಯಲ್ಲಿ ಗ್ಲುಕೋಸ್ ಮತ್ತು ಸೋಡಿಯಂ ಜೊತೆಜೊತೆಯಾಗಿ ಒಳಗೆ ಹೋಗುವ ಬಾಗಿಲುಗಳಿವೆ. ಅವೆರಡೂ ಹೋದಲ್ಲಿಗೆ ನೀರು ತಾನಾಗಿ ಹಿಂಬಾಲಿಸುತ್ತದೆ. ಆದ್ದರಿಂದ ತುಸು ಸಕ್ಕರೆ, ತುಸು ಉಪ್ಪು ಸೇರಿದ ನೀರು ಬರಿಯ ನೀರಿಗಿಂತ ಬೇಗ ರಕ್ತ ಸೇರುತ್ತದೆ. 1971ರಲ್ಲಿ ಬಾಂಗ್ಲಾ ಯುದ್ಧದ ನಿರಾಶ್ರಿತರು ಪಶ್ಚಿಮ ಬಂಗಾಳದ ಬನಗಾಂವ್ ಶಿಬಿರದಲ್ಲಿ ಕಾಲರಾದಿಂದ ಸಾಯುತ್ತಿದ್ದಾಗ, ನರಕ್ಕೆ ಕೊಡುವ ಸಲೈನ್ ಮುಗಿಯುತ್ತ ಬಂದಾಗ, ಡಾ. ದಿಲೀಪ್ ಮಹಲನಬಿಸ್ ಅವರು ಗ್ಲುಕೋಸ್ ಮತ್ತು ಉಪ್ಪು ಬೆರೆಸಿದ ನೀರನ್ನೇ ಡ್ರಮ್ಮುಗಳಲ್ಲಿ ತುಂಬಿಸಿ ಕುಡಿಸಿದರು. ಸಾವಿನ ಪ್ರಮಾಣ ಶೇಕಡಾ 30ರ ಆಸುಪಾಸಿನಿಂದ 4ಕ್ಕಿಂತ ಕೆಳಗೆ ಇಳಿಯಿತು. 2022ರಲ್ಲಿ ತೀರಿಕೊಂಡ ಅವರಿಗೆ ಮರುವರ್ಷ ಮರಣೋತ್ತರವಾಗಿ ಪದ್ಮವಿಭೂಷಣ ಬಂತು. ಇಂದು ಔಷಧದ ಅಂಗಡಿಯಲ್ಲಿ ಸಿಗುವ ಓ.ಆರ್.ಎಸ್. ಪೊಟ್ಟಣದ ಹಿಂದೆ ಈ ಕಥೆಯಿದೆ. ಪಾಲಕರು ಇಲ್ಲಿ ಒಂದು ವ್ಯತ್ಯಾಸವನ್ನು ಗಮನಿಸಬೇಕು: ಮಗುವಿಗೆ ವಾಂತಿ-ಭೇದಿ ಆದಾಗ ಪಾನಕ ಸಲ್ಲದು, ಅಳತೆಯ ಓ.ಆರ್.ಎಸ್. ದ್ರಾವಣವೇ ಆಗಬೇಕು. ಪೊಟ್ಟಣ ಸಿಗದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಮಟ್ಟಸವಾಗಿ ಆರು ಚಹದ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಸಿಹಿ ಹೆಚ್ಚಾದರೆ ನೀರು ಕರುಳಿನೊಳಕ್ಕೇ ಹರಿದು ಭೇದಿ ಹೆಚ್ಚಾಗುತ್ತದೆ.

ಮನೆಯ ಹಿತ್ತಿಲಿನಲ್ಲಿ ಎರಡು ಮುರುಗಲು ಮರಗಳಿದ್ದವು. ಒಂದರ ತುಂಬ ಹಣ್ಣು, ಇನ್ನೊಂದರಲ್ಲಿ ಒಂದೂ ಇಲ್ಲ. ಹುಡುಗರು ಎರಡನೆಯದಕ್ಕೆ ಗೊಬ್ಬರ ಸಾಲದೇನೋ ಎಂದರು. ಅದು ಗಂಡು ಮರ! ಪಪ್ಪಾಯಿಯಂತೆ ಮುರುಗಲಿನಲ್ಲಿಯೂ ಗಂಡು ಬೇರೆ, ಹೆಣ್ಣು ಬೇರೆ. ಬೀಜ ಹಾಕಿ ಬೆಳೆಸಿದರೆ ಹೂ ಬಿಡುವವರೆಗೆ, ಅಂದರೆ ಏಳೆಂಟು ವರ್ಷ, ಯಾವುದೆಂದು ತಿಳಿಯುವುದಿಲ್ಲ. ಆದ್ದರಿಂದಲೇ ಈಗ ತಿಳಿದವರು ಹೆಣ್ಣು ಮರದ ಕಸಿ ಗಿಡಗಳನ್ನು ನೆಡುತ್ತಾರೆ. ಮುರುಗಲನ್ನು ದಕ್ಷಿಣ ಕನ್ನಡದವರು ಪುನರ್ಪುಳಿ ಎನ್ನುತ್ತಾರೆ, ಕೊಂಕಣಿಗರು ಭಿರಂಡ ಎನ್ನುತ್ತಾರೆ, ಪೇಟೆಯವರು ಕೋಕಂ ಎನ್ನುತ್ತಾರೆ. ನಿಂಬೆಯ ಗಾತ್ರ, ಕಡುಗೆಂಪು ಬಣ್ಣ, ಒಳಗೆ ಬಿಳಿಯ ಸಿಹಿ-ಹುಳಿ ತಿರುಳಿನಲ್ಲಿ ಐದಾರು ಬೀಜ. ಪಶ್ಚಿಮ ಘಟ್ಟದ ಸ್ವಂತ ಮರವಿದು.

ಪಾನಕ ಮಾಡುವ ಬಗೆ ಸುಲಭ. ಒಂದು ಲೀಟರ್ ನೀರಿಗೆ ಎಂಟು-ಹತ್ತು ಹಣ್ಣು ಸಾಕು. ತೊಳೆದು, ಎರಡು ಹೋಳು ಮಾಡಿ, ಬೀಜ ತೆಗೆದು, ಸಿಪ್ಪೆಯನ್ನು ಅರ್ಧ ಗಂಟೆ ನೀರಿನಲ್ಲಿಟ್ಟು ಕೈಯಿಂದ ಕಿವುಚಬೇಕು. ಸೋಸಿ, ಬೆಲ್ಲವನ್ನೋ ಸಕ್ಕರೆಯನ್ನೋ ರುಚಿಗೆ ತಕ್ಕಷ್ಟು ಹಾಕಿ, ಚಿಟಿಕೆ ಉಪ್ಪು, ಹುರಿದ ಜೀರಿಗೆಯ ಪುಡಿ ಬೆರೆಸಿದರೆ ಆಯಿತು. ಬೆಲ್ಲ ಹಾಕಿದರೆ ಬಣ್ಣ ಮಂಕಾಗುತ್ತದೆ, ರುಚಿ ಏರುತ್ತದೆ. ನನ್ನ ಮತ ಬೆಲ್ಲಕ್ಕೆ.

ಹಣ್ಣು ಕಿವುಚಲು ನಮ್ಮ ಹುಡುಗನೊಬ್ಬ ಅಲ್ಲೇ ಇದ್ದ ಹಿತ್ತಾಳೆಯ ಪಾತ್ರೆಗೆ ಕೈಹಾಕಿದ. “ತಮಾ, ಅದ್ರಲ್ಲಿ ಹಾಕಡ, ಹುಳಿಗೆ ಕಿಲುಬು ಬಿಡ್ತು” ಎಂದು ಅಜ್ಜಿ ತಡೆದರು. “ನಮ್ಮನ್ಯಾಗ ಎಲ್ಲಾ ಸ್ಟೀಲಿಂದ ಅದಾವರಿ ಅಜ್ಜಿ, ನನಗ ಗೊತ್ತಾಗಲಿಲ್ರಿ” ಎಂದ ಅವನು. ಹಿತ್ತಾಳೆಯಲ್ಲಿರುವುದು ತಾಮ್ರ ಮತ್ತು ಸತು. ಹಣ್ಣಿನ ಆಮ್ಲ ಗಾಳಿಯ ಆಮ್ಲಜನಕದ ನೆರವಿನಿಂದ ತಾಮ್ರವನ್ನು ಕರಗಿಸುತ್ತದೆ. ಆ ಲವಣ ಹೊಟ್ಟೆಗೆ ಹೋದರೆ ಓಕರಿಕೆ, ಹೊಟ್ಟೆನೋವು. ಹಿಂದೆ ಒಳಮೈಗೆ ತವರದ ಕಲಾಯಿ ಹಾಕಿಸುತ್ತಿದ್ದರು. ಕಲಾಯಿಯವನ ಕೂಗು ಕೇಳಿ ಅಜ್ಜಿಗೆ ಎಷ್ಟೋ ವರ್ಷವಾಗಿದೆಯಂತೆ. ಆದ್ದರಿಂದ ಅವರ ಹಿತ್ತಾಳೆ ಪಾತ್ರೆಗೆ ಈಗ ನೀರು ಮಾತ್ರ, ಹುಳಿಗೆಲ್ಲ ಪಿಂಗಾಣಿ ಭರಣಿ.

ಆ ಭರಣಿಯೇ ಒಂದು ಪ್ರಯೋಗಾಲಯ. ಹಸಿ ಸಿಪ್ಪೆ ಒಂದು ಪಾಲು, ಸಕ್ಕರೆ ಎರಡು ಪಾಲು ತೂಕ ಮಾಡಿ, ಒಂದು ಪದರ ಸಿಪ್ಪೆ, ಒಂದು ಪದರ ಸಕ್ಕರೆ ಹೀಗೆ ತುಂಬಿ, ಬಾಯಿಗೆ ಬಟ್ಟೆ ಕಟ್ಟಿ, ವಾರದ ಮಟ್ಟಿಗೆ ಬಿಸಿಲಿಗಿಡುತ್ತಾರೆ. ಒಂದು ಹನಿ ನೀರು ಹಾಕುವುದಿಲ್ಲ. ಎರಡನೆಯ ದಿನಕ್ಕೇ ತಳದಲ್ಲಿ ಕೆಂಪು ರಸ ನಿಲ್ಲುತ್ತದೆ. ಹೊರಗಿನ ಗಾಢ ಸಕ್ಕರೆ ಸಿಪ್ಪೆಯ ಕೋಶಗಳೊಳಗಿನ ನೀರನ್ನು ಎಳೆದುಕೊಳ್ಳುತ್ತದೆ. ಒಂಬತ್ತನೆಯ ತರಗತಿಯಲ್ಲಿ ಒಣದ್ರಾಕ್ಷಿ ಇಟ್ಟು ತೋರಿಸುವ ಅಭಿಸರಣೆ ಇದೇ. ಸಕ್ಕರೆಯ ಈ ಎಳೆತ ಬೂಷ್ಟಿಗೂ ಬ್ಯಾಕ್ಟೀರಿಯಕ್ಕೂ ಬಿಡದು. ಅವುಗಳ ಮೈನೀರನ್ನೂ ಹೀರುತ್ತದೆ. ಹೀಗಾಗಿ ವರ್ಷವಾದರೂ ಕೆಡುವುದಿಲ್ಲ. ಒದ್ದೆ ಚಮಚ ಹಾಕಿದಿರೋ, ಮೇಲ್ಪದರ ತೆಳುವಾಗಿ ಹುಳಿತು ನೊರೆ ಬರುತ್ತದೆ.

ಅಡಿಗೆ ಸೋಡಾದ ಪೊಟ್ಟಣ ಹೊರಬಂದದ್ದು ಇಲ್ಲಿಯೇ. ಗಾಜಿನ ಲೋಟದಲ್ಲಿ ತುಸು ಮುರುಗಲು ನೀರು ತೆಗೆದು, ಚಿಟಿಕೆ ಚಿಟಿಕೆಯಾಗಿ ಸೋಡಾ ಹಾಕಿಸಿದೆ. ಮೊದಲು ನೊರೆ, ಆಮೇಲೆ ಕೆಂಪು ಮಾಸಿ ನೇರಳೆ, ಮತ್ತಷ್ಟು ಹಾಕಿದಾಗ ನೀಲಿ ಬೆರೆತ ಕಂದು ಹಸಿರು. “ಸರ, ಬಣ್ಣ ಬದಲಾತ್ರಿ!” ಎಂದು ಕೂಗಿದವಳು ವರ್ಷವಿಡೀ ತರಗತಿಯಲ್ಲಿ ಬಾಯಿ ಬಿಡದ ಹುಡುಗಿ. ಮುರುಗಲಿನ ಕೆಂಪು ಆಂಥೊಸಯನಿನ್ ಎಂಬ ವರ್ಣದ್ರವ್ಯದ್ದು. ಆಮ್ಲದಲ್ಲಿ ಕೆಂಪು, ಪ್ರತ್ಯಾಮ್ಲದಲ್ಲಿ ನೀಲಿ-ಹಸಿರು. ಲಿಟ್ಮಸ್ ಕಾಗದ ತೀರಿದ ಶಾಲೆಯವರು ಒಣಗಿದ ಮುರುಗಲು ಸಿಪ್ಪೆ ಇಟ್ಟುಕೊಂಡರೆ ಸಾಕು. ಇದರಿಂದ ಇನ್ನೊಂದು ಉಪಯೋಗವೂ ಆಯಿತು. ದಾರಿಯ ಒಂದು ಬಸ್ ನಿಲ್ದಾಣದಲ್ಲಿ ‘ಕೋಕಂ’ ಎಂದು ಬರೆದಿದ್ದ ಕೆಂಪು ಶರಬತ್ತನ್ನು ಕೊಂಡು ಅದಕ್ಕೂ ಸೋಡಾ ಹಾಕಿ ನೋಡಿದೆವು. ಎಷ್ಟು ಹಾಕಿದರೂ ಅದೇ ಕೆಂಪು! ಕೃತಕ ಬಣ್ಣಗಳು ಸಾಮಾನ್ಯವಾಗಿ ಸೋಡಾಕ್ಕೆ ಜಗ್ಗುವುದಿಲ್ಲ. ಪರೀಕ್ಷೆ ಮಾಡಿದ ಲೋಟವನ್ನು ಚೆಲ್ಲಿ, ಕುಡಿಯಬೇಡಿ.

ಊಟದ ಕೊನೆಗೆ ಅಪ್ಪೆಹುಳಿ. ಹವ್ಯಕರ ಈ ಪದಾರ್ಥವನ್ನು ಸಾರು ಎನ್ನಬೇಕೋ ಪಾನೀಯ ಎನ್ನಬೇಕೋ ಹೇಳುವುದು ಕಷ್ಟ. ಅನ್ನಕ್ಕೂ ಹಾಕಿಕೊಳ್ಳುತ್ತಾರೆ, ಆಮೇಲೆ ಲೋಟಕ್ಕೂ ಹಾಕಿಸಿಕೊಳ್ಳುತ್ತಾರೆ. ಹುಳಿ ಮಾವಿನಕಾಯಿ ಬೇಯಿಸಿ ಕಿವುಚಿ, ಧಾರಾಳವಾಗಿ ನೀರು ಬೆರೆಸಿ, ಉಪ್ಪು ಹಾಕಿ, ಕೊಬ್ಬರಿ ಎಣ್ಣೆಯಲ್ಲಿ ಸಾಸಿವೆ, ಸೂಜಿಮೆಣಸು, ಇಂಗಿನ ಒಗ್ಗರಣೆ. ಸಕ್ಕರೆಯ ಹಂಗಿಲ್ಲ. ಬೆವರಿನಲ್ಲಿ ಹೋದ ಉಪ್ಪು ಮರಳಿ ಬರುತ್ತದೆ, ನೀರೂ ಹೊಟ್ಟೆ ಸೇರುತ್ತದೆ. ಇದನ್ನು ಕುಡಿದರೆ ನಿದ್ದೆ ಬರುತ್ತದೆಂದು ಆ ಕಡೆ ಪ್ರತೀತಿ. ನಮ್ಮ ಗುಂಪಿನ ಇಬ್ಬರು ಪಾಲಕರೂ ಜಗಲಿಯಲ್ಲಿ ಅದನ್ನು ಗೊರಕೆ ಸಹಿತ ಸಾಬೀತುಮಾಡಿದರು. ಆದರೆ ಎರಡು ಸಲ ಬಡಿಸಿಕೊಂಡ ಊಟ ಮತ್ತು ಏಪ್ರಿಲ್ಲಿನ ಮಧ್ಯಾಹ್ನ ಇವೆರಡರ ಪಾಲು ಎಷ್ಟು, ಅಪ್ಪೆಯ ಪಾಲು ಎಷ್ಟು ಎಂದು ಬಿಡಿಸುವ ಪ್ರಯೋಗ ಸುಲಭವಲ್ಲ.

ಅಪ್ಪೆಮಿಡಿ ಎಂದರೆ ಯಾವುದೋ ಮಾವಿನ ಮಿಡಿಯಲ್ಲ. ಅಘನಾಶಿನಿ, ಶರಾವತಿ, ಕಾಳಿ, ವರದಾ ಹೊಳೆಗಳ ದಡದಲ್ಲಿ ತಾವಾಗಿ ಬೆಳೆದ ಮರಗಳ ಮಿಡಿ ಅದು. ಜೀರಿಗೆ ವಾಸನೆಯದೊಂದು, ಕರ್ಪೂರದ ವಾಸನೆಯದೊಂದು, ಒಂದೊಂದು ಮರಕ್ಕೂ ಒಂದೊಂದು ಪರಿಮಳ. ತೊಟ್ಟು ಮುರಿದಾಗ ಚಿಮ್ಮುವ ಸೊನೆಯಲ್ಲೇ ಆ ಪರಿಮಳ ಇರುವುದು. ಅದೇ ಸೊನೆ ತುಟಿಗೆ ತಾಗಿದರೆ ಸುಡುತ್ತದೆ ಎಂಬುದನ್ನೂ ಮಕ್ಕಳು ಮರೆಯಬಾರದು. ಮಿಡಿಯ ಕಾಲ ಜನವರಿಯಿಂದ ಮಾರ್ಚ್ ತನಕ. ನಾವು ಹೋಗುವಾಗ ಮುಗಿದಿತ್ತು. ಅಜ್ಜಿ ಉಪ್ಪುನೀರಿನಲ್ಲಿ ಹಾಕಿಟ್ಟ ಮಿಡಿಯನ್ನೇ ಎರಡು ಕಿವುಚಿ ಬೆರೆಸಿದ್ದರು. ಅಪ್ಪೆಮಿಡಿಗೆ ಈಗ ಭೌಗೋಳಿಕ ಸೂಚಿಯ ಮಾನ್ಯತೆಯಿದೆ. ಆದರೆ ಕಾಗದದ ಮೇಲಿನ ಮಾನ್ಯತೆ ಹೊಳೆಯ ದಂಡೆಯ ಮರವನ್ನು ಕಾಯುವುದಿಲ್ಲ. ಮಿಡಿಗೆ ಬೆಲೆ ಬಂದಂತೆ ಟೊಂಗೆಯನ್ನೇ ಕಡಿದು ಇಳಿಸುವವರು ಬಂದಿದ್ದಾರೆಂದು ಆ ಊರಿನವರು ಹೇಳಿದರು.

ಇದೇ ಕಥೆ ಹಿಂದೆ ಉಪ್ಪಾಗೆಗೆ ಆಗಿತ್ತು. ಉಪ್ಪಾಗೆ ಮುರುಗಲಿನ ದಾಯಾದಿ. ಹಳದಿ ಹಣ್ಣು, ಮಳೆಗಾಲದಲ್ಲಿ ಮಾಗುತ್ತದೆ. ಇವೆರಡರ ಸಿಪ್ಪೆಯಲ್ಲೂ ಹೈಡ್ರಾಕ್ಸಿ ಸಿಟ್ರಿಕ್ ಆಮ್ಲವೆಂಬುದಿದೆ. 1990ರ ದಶಕದಲ್ಲಿ ಅದು ಬೊಜ್ಜು ಕರಗಿಸುತ್ತದೆಂದು ಹೊರದೇಶಗಳಲ್ಲಿ ಗುಲ್ಲೆದ್ದು ಉಪ್ಪಾಗೆ ಸಿಪ್ಪೆಗೆ ಬೆಲೆ ಏರಿತು. ಬೊಜ್ಜು ಕರಗಿತೆಂಬುದಕ್ಕೆ ಗಟ್ಟಿ ಸಾಕ್ಷ್ಯ ದೊರೆಯಲಿಲ್ಲ. ಕರಗಿದ್ದು ಕಾಡು. ಮಳೆಗಾಲದಲ್ಲಿ ಬಿಸಿಲಿಲ್ಲದ್ದರಿಂದ ಸಿಪ್ಪೆಯನ್ನು ಬೆಂಕಿಯ ಮೇಲೆ ಒಣಗಿಸಬೇಕು, ಅದಕ್ಕೆ ರಾಶಿ ರಾಶಿ ಸೌದೆ. ಕಾಯಿ ಬಲಿಯುವ ಮೊದಲೇ, ಬೇರೆಯವರು ಒಯ್ದಾರೆಂದು ಟೊಂಗೆ ಸಮೇತ ಇಳಿಸಿದರು. ಸಿಂಗಳೀಕಗಳಿಗೂ ಈ ಹಣ್ಣು ಆಹಾರ. ಅವುಗಳ ಸಲುವಾಗಿ ಅಘನಾಶಿನಿ ಕಣಿವೆಯಲ್ಲಿ 2011ರಲ್ಲಿ ಸಂರಕ್ಷಿತ ಪ್ರದೇಶ ಘೋಷಿಸಲಾಯಿತು.

ಮುರುಗಲಿನ ಕಷ್ಟ ಬೇರೆ ತೆರನದು. ಅಜ್ಜಿಯ ಮಗ ದೂರದ ಊರಿನಲ್ಲಿ ನೌಕರಿ, ಮೊಮ್ಮಕ್ಕಳು ಬೆಂಗಳೂರು. ಮನೆಯಲ್ಲಿ ಅಜ್ಜಿ, ತೋಟ ನೋಡಿಕೊಳ್ಳುವ ಒಬ್ಬ ಆಳು. ಮರ ಹತ್ತುವವರಿಲ್ಲ. ಬಿದ್ದ ಹಣ್ಣನ್ನೇ ಹೆಕ್ಕಬೇಕು. ಹೆಕ್ಕಿ ಬಿಡಿಸಿ ಹರವಿದರೆ ವಾರದ ಬಿಸಿಲು ಬೇಕು. ಏಪ್ರಿಲ್ ಕೊನೆಗೋ ಮೇ ತಿಂಗಳಲ್ಲೋ ಅಡ್ಡಮಳೆ ಸುರಿದರೆ ಅರ್ಧ ಒಣಗಿದ್ದೆಲ್ಲ ಬೂಷ್ಟು. ನಾವು ಹೋದ ದಿನ ಮರದ ಬುಡದಲ್ಲಿ ಹಣ್ಣು ಕೆಂಪಗೆ ಹಾಸಿತ್ತು, ಇರುವೆ ಮುತ್ತಿತ್ತು. ನಮ್ಮ ಮಕ್ಕಳು ಒಂದು ತಾಸಿನಲ್ಲಿ ಎರಡು ಬುಟ್ಟಿ ಹೆಕ್ಕಿಕೊಟ್ಟರು. ಅಜ್ಜಿ ಅಂಗಳಕ್ಕೆ ಚಾಪೆ ಹಾಸಿ, “ಹೋದ ವರ್ಷ ಇಷ್ಟೂ ಆಗಿತ್ತಿಲ್ಲೆ” ಎಂದರು. ಪಾಲಕರೊಬ್ಬರು ದುಡ್ಡು ಕೊಡಲು ಹೋಗಿ ಬೈಸಿಕೊಂಡರು. ಪಾನಕದ ಗುಣಗಾನ ಮಾಡುವವರು ಬಹಳ. ಹಣ್ಣು ಹೆಕ್ಕಲು ಒಂದು ಬೇಸಿಗೆ ರಜೆಯ ನಾಲ್ಕು ದಿನ ಅಜ್ಜಿಯ ಮನೆಗೆ ಹೋಗುವ ಮಕ್ಕಳು ಕಡಿಮೆ. ಆ ನಾಲ್ಕು ದಿನವೂ ಈಗ ಬೇಸಿಗೆ ಶಿಬಿರಕ್ಕೆ, ಮುಂದಿನ ತರಗತಿಯ ಪಾಠಕ್ಕೆ. ಇದು ಪಾಲಕರಿಗೆ ಹೇಳಿದ ಮಾತು.

ಬೀಜವನ್ನೂ ಅಜ್ಜಿ ಬಿಸಾಡುವುದಿಲ್ಲ. ಒಣಗಿಸಿ, ಕುಟ್ಟಿ, ನೀರಿನಲ್ಲಿ ಕುದಿಸಿದರೆ ಜಿಡ್ಡು ತೇಲುತ್ತದೆ. ಆರಿದ ಮೇಲೆ ಅದು ಗಟ್ಟಿ. ಮುರುಗಲು ತುಪ್ಪವೆಂದು ಹೆಸರು. ಕರಗಲು 40 ಡಿಗ್ರಿಯ ಆಸುಪಾಸು ಬೇಕಾದ್ದರಿಂದ ಬೇಸಿಗೆಯಲ್ಲೂ ಉಂಡೆಯಾಗಿಯೇ ಇರುತ್ತದೆ. ಒಡೆದ ಹಿಮ್ಮಡಿಗೆ ಒಳ್ಳೆಯದು.

ಮರುದಿನ ಬೆಳಿಗ್ಗೆಯ ಆಸರಿಗೆ ಗಿಡಮೂಲಿಕೆಯದು. ತೋಟದ ಕಾಲುವೆಯ ಬದಿಯಲ್ಲಿ ಹಬ್ಬಿದ ಒಂದೆಲಗವನ್ನು ಬೇರುಸಹಿತ ಕಿತ್ತು ತೊಳೆದು, ಕಾಯಿತುರಿ, ಜೀರಿಗೆ, ನಾಲ್ಕು ಕಾಳುಮೆಣಸಿನ ಜೊತೆ ಹಸಿಯಾಗಿಯೇ ಅರೆದು ಮಜ್ಜಿಗೆಗೆ ಕದಡಿದರೆ ತಂಬುಳಿ. ತಂಪು ಹುಳಿಯೇ ತಂಬುಳಿ ಆಯಿತೆಂದು ಹೇಳುವವರಿದ್ದಾರೆ. ಒಂದೆಲಗ ತಿಂದರೆ ನೆನಪಿನ ಶಕ್ತಿ ಹೆಚ್ಚುತ್ತದೆಂದು ಅಜ್ಜಿ ಹೇಳಿದ್ದೇ ತಡ, ಮಕ್ಕಳು ಮತ್ತೊಂದು ಲೋಟ ಕೇಳಿದರು. ಪರೀಕ್ಷೆಯ ಅಂಕ ಏರೀತೆಂದು ನಾನು ಮಾತು ಕೊಡಲಾರೆ. ಬಾಯಿಗೆ ಹಿತ, ಹೊಟ್ಟೆಗೆ ತಂಪು, ಅಷ್ಟು ನಿಜ. ಕೊಳಚೆಯ ಬದಿಯಲ್ಲಿಯೂ, ಔಷಧ ಹೊಡೆದ ತೋಟದಲ್ಲಿಯೂ ಇದೇ ಸೊಪ್ಪು ಬೆಳೆಯುತ್ತದೆ. ಹಸಿಯಾಗಿ ತಿನ್ನುವ ಸೊಪ್ಪು ಎಲ್ಲಿಯದೆಂದು ತಿಳಿಯದೆ ಕೀಳಬಾರದು.

ಲಾವಂಚದ ಬೇರಿನ ಒಂದು ಕಟ್ಟನ್ನು ಕುಡಿಯುವ ನೀರಿನ ಕೊಡದಲ್ಲಿ ಹಾಕಿದ್ದರು. ಆ ಬೇರಿನ ಎಣ್ಣೆ ನೀರಿನಲ್ಲಿ ಕರಗುವುದು ಅತ್ಯಲ್ಪ, ಆದರೆ ಮೂಗಿಗೆ ಅಷ್ಟೇ ಸಾಕು. ಎರಡು ದಿನಕ್ಕೊಮ್ಮೆ ಬೇರು ತೆಗೆದು ಬಿಸಿಲಿಗೆ ಒಣಗಿಸಿದರೆ ಬೇಸಿಗೆ ಪೂರ್ತಿ ಬರುತ್ತದೆ. ಸೊಗದೆ ಬೇರಿನ ಶರಬತ್ತು ಇನ್ನೂ ಸೊಗಸು. ವೆನಿಲ್ಲಾ ಐಸ್‌ಕ್ರೀಮಿನ ವಾಸನೆಯೆಂದು ಮಕ್ಕಳೆಲ್ಲ ಒಮ್ಮತದಿಂದ ಹೇಳಿದರು. ಅವರ ಮೂಗು ಸುಳ್ಳು ಹೇಳಲಿಲ್ಲ. ಆ ಬೇರಿನ ಪರಿಮಳದ್ರವ್ಯವೂ ವೆನಿಲಿನ್ನೂ ಒಂದೇ ಅಣುಸೂತ್ರದವು, ಪರಮಾಣುಗಳ ಜೋಡಣೆಯಲ್ಲಿ ಮಾತ್ರ ಭೇದ. ಆದರೆ ಬೇರಿಗಾಗಿ ಬಳ್ಳಿಯನ್ನೇ ಕೀಳಬೇಕು. ಹಿತ್ತಿಲಲ್ಲಿ ಬೆಳೆಸಿಕೊಂಡವರು ಮಾಡಿಕೊಳ್ಳಲಿ.

ದೇವಿಮನೆ ಘಟ್ಟ ಇಳಿದ ಮೇಲೆ ಕುಮಟೆ. ಇಲ್ಲಿ ಎಳನೀರಿಗೆ ಕೊರತೆಯಿಲ್ಲ. ಅದರಲ್ಲಿ ಪೊಟ್ಯಾಸಿಯಂ ಹೇರಳ, ಸೋಡಿಯಂ ಕಡಿಮೆ. ಆದ್ದರಿಂದ ಬಹಳ ಬೆವರಿದವರು ಎಳನೀರಿನ ಜೊತೆ ಉಪ್ಪಿನ ತಿನಿಸನ್ನೂ ತಿನ್ನುವುದು ಒಳ್ಳೆಯದು. ಮೂತ್ರಪಿಂಡದ ತೊಂದರೆ ಇರುವವರು ವೈದ್ಯರನ್ನು ಕೇಳದೆ ಮುಟ್ಟಬಾರದು. ಒಂದು ಮನೆಯಲ್ಲಿ ಮುರುಗಲು ಸಿಪ್ಪೆಯ ನೀರಿಗೆ ತೆಂಗಿನಹಾಲು, ಹಸಿಮೆಣಸು, ಬೆಳ್ಳುಳ್ಳಿ ಬೆರೆಸಿದ ಗುಲಾಬಿ ಬಣ್ಣದ ಕಡಿ ಕುಡಿಸಿದರು. ಇನ್ನು ಐಸು. ಕಡಲತೀರದ ಪೇಟೆಗಳಲ್ಲಿ ಐಸ್ ದಿಮ್ಮಿ ತಯಾರಾಗುವುದು ಮುಖ್ಯವಾಗಿ ಮೀನು ಕೆಡದಂತೆ ಇಡಲಿಕ್ಕೆ. ಅದರ ನೀರು ಎಲ್ಲಿಯದೆಂದು ಕೇಳುವವರಿಲ್ಲ. ಗಾಡಿಯ ಶರಬತ್ತು ಕುಡಿಯಲೇಬೇಕೆಂದರೆ ಐಸಿಲ್ಲದೆ ಕುಡಿಯಿರಿ.

ಗೋಕರ್ಣದ ದಾರಿಯಲ್ಲಿ ಸಾಣಿಕಟ್ಟೆಯ ಉಪ್ಪಿನ ಆಗರಗಳಿವೆ. ಅಘನಾಶಿನಿಯ ಅಳಿವೆಯ ಉಪ್ಪುನೀರನ್ನು ಗದ್ದೆಯಂಥ ಮಡಿಗಳಿಗೆ ಬಿಟ್ಟು ಬಿಸಿಲಿಗೆ ಆರಿಸಿ, ಬಿಳಿಯ ರಾಶಿ ಎಳೆಯುತ್ತಿದ್ದರು. ಹಾವೇರಿಯ ಗಡಿಗೆಯ ಮೈಮೇಲೆ ನಡೆದದ್ದೇ ಇಲ್ಲಿ ಎಕರೆಗಟ್ಟಲೆ ನಡೆದಿತ್ತು. ಬೆವರಿ ಆರಿದ ತಮ್ಮ ಅಂಗಿಯ ಬೆನ್ನ ಮೇಲಿನ ಬಿಳಿ ಗೆರೆಯನ್ನು ಒಬ್ಬ ಹುಡುಗ ತೋರಿಸಿದ. ಅವನಿಗೆ ಹೆಚ್ಚೇನೂ ವಿವರಿಸಬೇಕಾಗಲಿಲ್ಲ. ಇದೇ ತೀರದ ಅಂಕೋಲೆಯಲ್ಲಿ 1930ರಲ್ಲಿ ಕರ್ನಾಟಕದ ಉಪ್ಪಿನ ಸತ್ಯಾಗ್ರಹ ನಡೆದದ್ದನ್ನೂ ಅಲ್ಲಿ ನಿಂತೇ ಹೇಳಿದೆ. ಅಂಕೋಲೆಯ ಹೆಸರು ಹೇಳಿದ ಮೇಲೆ ಕರಿ ಇಶಾಡನ್ನು ಬಿಡುವಂತಿಲ್ಲ. ತೆಳು ಸಿಪ್ಪೆ, ತುಂಬು ರಸದ ಈ ಮಾವಿಗೆ 2023ರಲ್ಲಿ ಭೌಗೋಳಿಕ ಸೂಚಿ ದೊರೆಯಿತು. ನಮ್ಮ ಕಡೆಯ ಸೀಕರಣೆ, ಅವರ ರಸಾಯನ ಎರಡಕ್ಕೂ ಇದು ರಾಜ. ಮೇ ತಿಂಗಳಿಗೆ ಬರುವ ಹಣ್ಣಾದ್ದರಿಂದ ನಮಗೆ ಸಿಗಲಿಲ್ಲ.

ಊರಿಗೆ ಮರಳಿದ ಮೇಲೆ ಒಬ್ಬ ತಾಯಿ ಕೇಳಿದರು: ಹಾಗಾದರೆ ಬಾಟಲಿಯ ತಂಪು ಪಾನೀಯ ಬಿಟ್ಟು ಮನೆಯ ಪಾನಕ ಎಷ್ಟು ಬೇಕಾದರೂ ಕೊಡಬಹುದೇ ಸರ್? ಲೆಕ್ಕ ಹಾಕಿ ತೋರಿಸಿದೆ. 300 ಮಿಲಿಲೀಟರ್ ಕೋಲಾದಲ್ಲಿ ಸುಮಾರು 30 ಗ್ರಾಂ ಸಕ್ಕರೆ. ವಿಶ್ವ ಆರೋಗ್ಯ ಸಂಸ್ಥೆಯ 2015ರ ಸಲಹೆಯಂತೆ ದೊಡ್ಡವರಿಗೂ ದಿನಕ್ಕೆ ಬೆರೆಸಿದ ಸಕ್ಕರೆ 50 ಗ್ರಾಂ ಮೀರಬಾರದು, 25ರೊಳಗಿದ್ದರೆ ಇನ್ನೂ ಒಳ್ಳೆಯದು. ಭರಣಿಯ ಮುರುಗಲು ರಸವನ್ನು ಕೈಬಿಚ್ಚಿ ಸುರಿದರೆ ಅದೂ ಕೋಲಾದಷ್ಟೇ ಸಿಹಿ. ಬೆಲ್ಲವೂ ಮುಕ್ಕಾಲುಮೂರು ಪಾಲು ಸಕ್ಕರೆಯೇ. ಮನೆಯದೆಂಬ ಕಾರಣಕ್ಕೆ ಕರುಳು ಮಾಫಿ ಕೊಡುವುದಿಲ್ಲ. ನಾನು ಮನೆಯಲ್ಲಿ ಪಾಲಿಸುವುದು ಇಷ್ಟು: ದಿನದ ದಾಹಕ್ಕೆ ಗಡಿಗೆಯ ನೀರು, ಮಜ್ಜಿಗೆ, ತಂಬುಳಿ, ಉಪ್ಪಿನ ಅಪ್ಪೆಹುಳಿ. ಸಿಹಿ ಪಾನಕ ಒಂದೇ ಲೋಟ, ಅದೂ ನೀರಾಗಿ. ನಿಂಬೆಯಾದರೆ ಬಿಸಿ ಬೆಲ್ಲದ ನೀರಿಗೆ ಹಿಂಡದೆ ಪೂರ್ತಿ ಆರಿದ ಮೇಲೆ ಹಿಂಡಿ, ಆಗಲೇ ಕುಡಿಯಬೇಕು. ಅದರ ಸಿ ಜೀವಸತ್ವಕ್ಕೆ ಶಾಖವೂ ಆಗದು, ಗಾಳಿಯೂ ಆಗದು.

ಈ ದಾರಿಯಲ್ಲಿ ಹೋಗುವವರು ಏಪ್ರಿಲ್ ಎರಡನೆಯ ವಾರದಿಂದ ಮೇ ಮೊದಲ ವಾರದೊಳಗೆ ಹೋಗಿಬರಬೇಕು. ಒಣ ಮುರುಗಲು ಸಿಪ್ಪೆ ಶಿರಸಿ, ಕುಮಟೆಯ ಪೇಟೆಗಳಲ್ಲಿ ಸಿಗುತ್ತದೆ. ಉಪ್ಪು ಹಾಕಿ ಒಣಗಿಸಿದ್ದು, ಹಾಕದ್ದು ಎರಡೂ ಬಗೆಯಿದೆ. ಪಾನಕಕ್ಕೆ ಉಪ್ಪು ಹಾಕದ್ದನ್ನೇ ಕೇಳಿ. ಮುಟ್ಟಿದರೆ ಮೆತ್ತಗೆ, ಬಣ್ಣ ಕಪ್ಪಿಗೆ ತಿರುಗಿದ ಕೆಂಪು, ಬಿಳಿಯ ಬೂಷ್ಟಿನ ಚುಕ್ಕೆ ಇರಬಾರದು. ಎರಡು ಲೋಟ ನೀರಿಗೆ ಐದಾರು ಹೋಳು, ಒಂದೆರಡು ತಾಸು ನೆನೆದರೆ ಸಾಕು. ಗಾಳಿಯಾಡದ ಡಬ್ಬಿಯಲ್ಲಿಟ್ಟರೆ ಮುಂದಿನ ಬೇಸಿಗೆಯವರೆಗೆ ಬರುತ್ತದೆ.